ಎರಡು ಭರಣಿಗಳ ನಡುವಿನ ಇಂಗ್ಲಿಷ್ ಮಾಸ್ತರ

ನಮ್ಮ ಅಡುಗೆಮನೆಯ ನಾಗಂದಿಗೆಯ ಮೇಲೆ ಎರಡು ಉಪ್ಪಿನಕಾಯಿ ಭರಣಿಗಳಿವೆ. ಒಂದೇ ಎತ್ತರ, ಒಂದೇ ಕಂದು ಬಣ್ಣ. ಬಾಯಿಗೆ ಕಟ್ಟಿದ ಬಟ್ಟೆಗಳೂ ನನ್ನದೇ ಒಂದು ಹಳೆಯ ಪಂಚೆಯ ತುಂಡುಗಳು. ನೋಡಿದವರು ಅವಳಿಜವಳಿ ಎಂದಾರು. ಆದರೆ ಎಡಗಡೆಯದು ನನ್ನ ಹೆಂಡತಿಯ ತವರಾದ ನಿಲ್ಕುಂದದ ಮಾವಿನ ಮಿಡಿ. ಬಲಗಡೆಯದು ಅರಬೈಲಿನ ಕಡೆಗೆ ಕೊಟ್ಟ ನನ್ನ ತಂಗಿಯ ಮನೆಯದು. ಒಂದು ಮರದ ಮಿಡಿಯನ್ನು ಇನ್ನೊಂದು ಮರದ್ದರೊಡನೆ ಬೆರೆಸುವ ಪದ್ಧತಿ ನಮ್ಮಲ್ಲಿಲ್ಲ. ಒಂದರ ಪರಿಮಳ ಇನ್ನೊಂದನ್ನು ಕೊಲ್ಲುತ್ತದೆ. ಹಾಗಾಗಿ ನನ್ನ ಬಾಳೆಲೆಯ ತುದಿಯಲ್ಲಿ ದಿನವೂ ಎರಡು ಮಿಡಿ ಬೀಳುತ್ತವೆ, ಅವುಗಳ ಹಿಂದೆಯೇ ಹೆಂಡತಿಯ ಪ್ರಶ್ನೆಯೂ ಬೀಳುತ್ತದೆ: "ಯಾವ್ದು ಚೊಲೋ ಇದ್ದು?"

ಓದುಗ ಮಿತ್ರರೇ, ನೀವು ಸಂಸಾರಸ್ಥರಾದರೆ ಈ ಪ್ರಶ್ನೆಯ ಆಳ ನಿಮಗೆ ಬೇರೆ ಹೇಳಬೇಕಾಗಿಲ್ಲ.

ನಾನು ಶಿರಸಿಯಲ್ಲಿ ಇಂಗ್ಲಿಷ್ ಕಲಿಸುವ ಮಾಸ್ತರ. ಹೋಲಿಕೆಯನ್ನೂ ವ್ಯತ್ಯಾಸವನ್ನೂ ಹೇಳುವ ಶಬ್ದಗಳ ಪಾಠ ಬಂದಾಗಲೆಲ್ಲ ನನಗೆ ಆ ಭಾಷೆಯ ಮೇಲೆ ಭಕ್ತಿ ಉಕ್ಕುತ್ತದೆ. ನಮ್ಮವರು 'ಹಾಂಗೇ ಇದ್ದು', 'ಬೇರೆ ಇದ್ದು' ಎಂಬೆರಡರಲ್ಲಿ ಜನ್ಮ ಕಳೆದಾರು. ಇಂಗ್ಲಿಷರೋ ಪೂರಾ ಒಂದೇ ಆದದ್ದಕ್ಕೆ 'ಸೇಮ್' ಇಟ್ಟರು, ಒಂದರಂತೆ ಇನ್ನೊಂದು ಕಂಡರೆ 'ಲೈಕ್' ಎಂದರು, ಕಾಣದಿದ್ದರೆ 'ಅನ್‌ಲೈಕ್' ಎಂದರು, ಒಂದನ್ನು ಹೊಗಳಿ ಇನ್ನೊಂದರತ್ತ ಹೊರಳಲು 'ವ್ಹೇರ್‌ಆ್ಯಸ್' ಎಂಬ ತಿರುವನ್ನೂ ಕಡಿದರು. ಇವೆಲ್ಲಕ್ಕೂ ಕಿರೀಟಪ್ರಾಯವಾದದ್ದು 'ಸಿಮಿಲರ್'. ಒಂದೇ ಅಲ್ಲ, ಬೇರೆಯೂ ಅಲ್ಲ. ಆಡಿದವನು ಸಿಕ್ಕಿಬೀಳುವಂತೆಯೇ ಇಲ್ಲ. ರಾಜ್ಯವಾಳುವವರಿಗೆ ಇಂಥ ಶಬ್ದ ಬೇಕೇಬೇಕು. ಒಮ್ಮೆ ತಪಾಸಣೆಯ ಸಾಹೇಬರು ಪ್ರವಾಸಿ ಬಂಗಲೆಯಲ್ಲಿ ಕೈಯಿರುವ ಬೆತ್ತದ ಕುರ್ಚಿಯಲ್ಲಿ ಒರಗಿ, ನನ್ನನ್ನು ಮೂರೇ ಕಾಲಿನ ಸ್ಟೂಲಿನ ಮೇಲೆ ಕೂರಿಸಿ, ನಮ್ಮಿಬ್ಬರ ಕೆಲಸವೂ 'ಸಿಮಿಲರ್' ಎಂದು ದಯಮಾಡಿ ಹೇಳಿದ್ದರು. ಸ್ಟೂಲಿನ ಸಮತೋಲ ಕಾಯುತ್ತಲೇ ನಾನು ಧನ್ಯನಾಗಿದ್ದೆ.

ಆ ಶಬ್ದವನ್ನು ಮನೆಗೂ ತಂದುಕೊಂಡೆ. "ಎರಡೂ ಸಿಮಿಲರ್" ಎಂದು ವರ್ಷಗಟ್ಟಲೆ ನೆಮ್ಮದಿಯಾಗಿ ಉಂಡೆ.

ಈ ವರ್ಷ ಮಗಳು ಶಾರದೆಗೆ ಎರಡು ಸಂಬಂಧಗಳು ಒಟ್ಟಿಗೇ ಬಂದುವು. ಒಂದು ನನ್ನ ತಂಗಿ ಗೌರಿ ತಂದದ್ದು, ಯಲ್ಲಾಪುರದ ಮಾಣಿ. ಇನ್ನೊಂದು ಹೆಂಡತಿಯ ಅಣ್ಣ ಗಣಪತಿ ಭಾವ ತಂದದ್ದು, ಸಿದ್ದಾಪುರದ ಮಾಣಿ. ಇಬ್ಬರೂ ಬೇರೆ ಬೇರೆ ದಿನ ಬಂದು, ಹುಡುಗಿ ತಂದಿಟ್ಟ ಕಷಾಯ ಕುಡಿದು ಹೋದರು. ನಾನು ಯಾರಿಗೆ ಹೂಂ ಎಂದರೂ ಇನ್ನೊಂದು ಕಡೆಯ ಹೊಸ್ತಿಲು ನನಗೆ ತಪ್ಪುತ್ತದೆ. ಸುಮ್ಮನಿದ್ದರೆ ಮಗಳ ಬಾಳು ತೂಗುಯ್ಯಾಲೆ. ಕೇಳಿದವರಿಗೆಲ್ಲ "ಇಬ್ಬರೂ ಸಿಮಿಲರ್" ಎನ್ನುತ್ತ ಬಂದೆ.

ಕೊನೆಗೆ ತಂಗಿಯೂ ಭಾವನೂ ಉತ್ತರ ಕೇಳಲು ಒಂದೇ ದಿನ ಊಟಕ್ಕೆ ಬಂದರು. ಎದುರುಬದುರು ಎಲೆ. ಇವರ ಮುಂದೆ ಎರಡು ಭರಣಿಯ ಮಿಡಿ ಬಡಿಸಿದರೆ ಹೋಲಿಕೆ ಅಲ್ಲಿಂದಲೇ ಶುರುವಾಗಿ ಮಾಣಿಗಳವರೆಗೆ ಬರುತ್ತದೆಂದು ಲೆಕ್ಕ ಹಾಕಿದೆ. ಹೆಂಡತಿ ಬಾಳೆಲೆ ಕೊಯ್ಯಲು ಹೋದದ್ದೇ ತಡ, ಎರಡೂ ಭರಣಿಯಿಂದ ತೆಗೆದು ಒಂದೇ ಬಟ್ಟಲಲ್ಲಿ ಕಲಸಿಬಿಟ್ಟೆ. ಶಾಂತಿ ಸ್ಥಾಪನೆಯಾಯಿತೆಂದು ಕೈ ತೊಳೆದೆ.

ಗೌರಿ ಮಿಡಿ ಕಚ್ಚಿದವಳು ಅಲ್ಲಿಗೇ ನಿಲ್ಲಿಸಿದಳು. "ಅಣ್ಣಾ, ಎಂಗಳ ಮನೆ ಮಿಡಿಗೆ ಎಂತ ಆಜು?"

"ತಡಿ ತಂಗಿ, ಎಂಗಳ ಮನೇದಕ್ಕೂ ಅದೇ ರೋಗ ಬಡದ್ದು," ಎಂದ ಗಣಪತಿ ಭಾವ.

ಹೆಂಡತಿ ಬಟ್ಟಲು ಮೂಸಿದಳು. "ಎರಡು ಮರದ್ದು ಕೂಡ್ಸಿದ್ದು ಯಾರು?"

ನಾನು ಮಜ್ಜಿಗೆ ಬೇಕೆಂದು ಕೂಗಿದ್ದೇ ಸಹಿಯಾಯಿತು. ಎಂದೂ ಒಂದು ಮಾತಿಗೆ ಕೂಡದಿದ್ದ ತಂಗಿ, ಭಾವ ಇಬ್ಬರೂ ಅಂದು ನನ್ನ ಬುದ್ಧಿಯ ವಿಷಯದಲ್ಲಿ ಸಂಪೂರ್ಣ 'ಸೇಮ್' ಆದರು. "ಭಾವಯ್ಯ, ನಿಂಗ ಶಾಲೆಲಿ ಮಕ್ಕಳನ್ನೂ ಹಿಂಗೇ ಕಲಸ್ತ್ರಾ?" ಎಂದು ಭಾವ ಕೇಳಿದ, ತಂಗಿ ನಕ್ಕು ನಕ್ಕು ನೀರು ಕುಡಿದಳು.

ಮಜ್ಜಿಗೆ ತಂದ ಶಾರದೆ ನಗಲಿಲ್ಲ. "ಅಪ್ಪಯ್ಯ ಮಿಡಿ ಒಂದೇ ಕೂಡ್ಸಿದ್ದಲ್ಲ. ಆ ಇಬ್ರನ್ನೂ ಒಂದೇ ಬಟ್ಲಿಗೆ ಹಾಕಿ ಕೂತಿದ್ದ. ಎನ್ನ ಒಂದು ಮಾತು ಕೇಳಿದ್ದಿಲ್ಲೆ."

"ಈಗ ಕೇಳ್ತ್ಯ, ಹೇಳು ಮಗಾ," ಎಂದಳು ಗೌರಿ.

"ಇಬ್ರಿಗೂ ಆನು ಬೆಲ್ಲ ಹಾಕದ್ದೇ ಇದ್ದ ಕಷಾಯ ಕೊಟ್ಟಿದ್ದಿ. ಸಿದ್ದಾಪುರದವ ರಾಶಿ ಚೊಲೋ ಇದ್ದು ಹೇಳಿ ಇನ್ನೊಂದು ಲೋಟ ಕುಡದ. ಯಲ್ಲಾಪುರದವ 'ಬೆಲ್ಲ ಮರ್ತು ಹೋಯ್ದು' ಹೇಳಿದ. ಎಂಗೆ ಅವನೇ ಅಕ್ಕು." ನನ್ನತ್ತ ನೋಡಿ, "ಸಿಮಿಲರ್ ಹೇಳವ್ರು ಮನೇಲಿ ಒಬ್ರು ಇದ್ದ, ಸಾಕು," ಎಂದಳು.

ಗಣಪತಿ ಭಾವ ಎಲೆಯಲ್ಲಿದ್ದ ಮಿಡಿಯನ್ನು ಬದಿಗೆ ಸರಿಸಿದ. ಆಮೇಲೆ, "ನಮ್ಮ ಮಾಣಿ ಎರಡನೇ ಲೋಟ ಕೇಳ್ಬಾರ್ದಾಗಿತ್ತು," ಎಂದು ಮಜ್ಜಿಗೆಗೆ ಕೈಯೊಡ್ಡಿದ. ಸಂಬಂಧವೂ ನಿಶ್ಚಯವಾಯಿತು, ಹೊಸ್ತಿಲೂ ಉಳಿಯಿತು.

ಬೆರೆತ ಮಿಡಿಯನ್ನು ಹೆಂಡತಿ ಚೆಲ್ಲಲಿಲ್ಲ. ಮೂರನೆಯ ಚಿಕ್ಕ ಭರಣಿಯೊಂದರಲ್ಲಿ ತುಂಬಿ, ನನಗೊಬ್ಬನಿಗೇ ಬಡಿಸತೊಡಗಿದಳು. ಕೆಲವು ದಿನ ಉಂಡೆ. ಅದು ಯಾವ ಮರಕ್ಕೂ ಸೇರದ ರುಚಿ. ನಿನ್ನೆ ಎಲೆಯ ಮುಂದೆ ಕೂತು, ಮಗಳನ್ನು ನೆನೆದು, ಹೇಳಿಯೇಬಿಟ್ಟೆ: "ಇದು ಚೊಲೋ ಇಲ್ಲೆ. ತಂಗಿ ಮನೇದೇ ಎಲ್ಲದಕ್ಕಿಂತ ಚೊಲೋ."

ಹೆಂಡತಿ ನಾಗಂದಿಗೆಗೆ ಕೈಹಾಕಿ ಬಲಗಡೆಯ ಭರಣಿಯನ್ನು ಇಳಿಸಿದಳು. ನನಗೊಂದು ಬಡಿಸಿದಳು, ತನ್ನ ಎಲೆಗೂ ಒಂದು ಹಾಕಿಕೊಂಡಳು.

"ಎಂಗೂ ಅದೇ ಚೊಲೋ," ಎಂದಳು. "ನಿಂಗ ಯಾವತ್ತು ಹೇಳ್ತ್ರಿ ಹೇಳಿ ನೋಡ್ತಿದ್ದಿ."