ಅತ್ತೆಗಾಗಿ ಹಾಕಿದ ದಾರಿ

ನಮ್ಮ ಮನೆಯಲ್ಲಿ ಯಾರು ಎಲ್ಲಿಗೆ ಹೊರಟರೂ ದಾರಿ ಹಾಕಿಕೊಡುವವಳು ನಾನು. ಬಡಾಯಿ ಅಂದುಕೊಂಡರೂ ಅಡ್ಡಿಯಿಲ್ಲ. ಹೊಸಪೇಟೆಗೆ ಹೋಗುವವರೂ ವಿಜಯಪುರಕ್ಕೆ ಹೋಗುವವರೂ ಹಾಯ್ದು ಹೋಗುವ ಕುಷ್ಟಗಿಯಂಥ ಊರಿನಲ್ಲಿ ಬಾಳುವೆ ಮಾಡಿದವಳಿಗೆ ದಾರಿಯ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಎಷ್ಟೊತ್ತಿಗೆ ಬಿಡಬೇಕು, ಎಲ್ಲಿ ತಿಂಡಿ, ಯಾವ ರಸ್ತೆಯಲ್ಲಿ ತಗ್ಗು ಹೆಚ್ಚು, ಎಲ್ಲ ನನ್ನ ಬಾಯಲ್ಲೇ ಇರುತ್ತದೆ. ಕಾರು ಓಡಿಸುವವಳೂ ನಾನೇ. ಹಿಂದಿನಿಂದ ಲಾರಿಯೊಂದು ಹಾರ್ನ್ ಹೊಡೆದರೆ ಸಾಕು, ನನ್ನ ಗಂಡನ ಅಂಗೈ ಬೆವರುತ್ತದೆ.

ಆದರೆ ನಾನು ಹಾಕಿದ ಯಾವ ದಾರಿಯಲ್ಲೂ ಅತ್ತೆ ಇರುತ್ತಿರಲಿಲ್ಲ. ಪ್ರತಿಸಲ ಒಂದೇ ಮಾತು: "ನೀವು ಹೋಗಿ ಬರ್ರಿ. ನನಗ ಗಾಡಿ ಆಗಿ ಬರಂಗಿಲ್ಲ." ಅವರಿಲ್ಲದಿದ್ದರೆ ಕಾರಿನಲ್ಲಿ ನಗುವುದಕ್ಕೆ ಏನೂ ಇರುವುದಿಲ್ಲ, ಗಂಡನ ಜೊತೆ ಒಬ್ಬಳು ಎಷ್ಟಂತ ಮಾತಾಡಿಯಾಳು? ಅವರಿಗೆ ಆಸೆ ಇರಲಿಲ್ಲ ಅಂತಲ್ಲ. ಮೊಬೈಲಿನಲ್ಲಿ ಸಮುದ್ರದ ವಿಡಿಯೋ ಹಾಕಿಕೊಟ್ಟರೆ ಒಲೆಯ ಮೇಲಿನ ಹಾಲು ಉಕ್ಕಿದರೂ ಏಳುತ್ತಿರಲಿಲ್ಲ. "ಇಷ್ಟೊಂದು ನೀರು ದಂಡಿಗೆ ಬಂದು ಸುಮ್ಮನ ಹೊಳ್ಳಿ ಹೋಗ್ತಾವಲ್ಲ, ನಮ್ಮ ಕಡಿ ಬಂದ್ರ ಏನ್ ರೋಗ ಇವಕ್ಕ?" ಎಂದು ಬೈಯುತ್ತ ಮತ್ತೆ ಅದನ್ನೇ ನೋಡುತ್ತಿದ್ದರು.

ಗುಟ್ಟು ಹೊರಬಿದ್ದದ್ದು ಗಂಗಾವತಿಯಲ್ಲಿ ಒಂದು ಮದುವೆ ಮುಗಿಸಿ ಬಂದ ಮೇಲೆ. ಹತ್ತಿರದ ಸಂಬಂಧ, ತಪ್ಪಿಸುವಂತಿರಲಿಲ್ಲ, ಅತ್ತೆಯೂ ಬಂದಿದ್ದರು. ಮರುದಿನ ಅವರಿಗೆ ಚಳಿಜ್ವರ, ಕಿಬ್ಬೊಟ್ಟೆಯಲ್ಲಿ ನೋವು. ಕೊಪ್ಪಳದ ಲೇಡಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಮೂತ್ರದ ಸೋಂಕು ಎಂದರು. ಸಕ್ಕರೆ ಕಾಯಿಲೆ ಬೇರೆ ಇದೆ, ನೀರು ಯಾಕೆ ಕುಡಿಯುವುದಿಲ್ಲ ಎಂದು ಗದರಿದರು.

"ಮನ್ಯಾಗಿದ್ರ ಕುಡೀತೀನ್ರಿ," ಎಂದರು ಅತ್ತೆ, ತಲೆ ತಗ್ಗಿಸಿ. "ಹೊರಗ ಹೋಗೂದಿದ್ರ ಹಿಂದಿನ ದಿನಾನ ನೀರು ಬಿಟ್ಟುಬಿಡ್ತೀನಿ. ಕುಡಿದು ಎಲ್ಲಿ ಹೋಗ್ಲಿ? ಗಂಡಸರು ಗ್ವಾಡಿ ಸಿಕ್ಕಲ್ಲಿ ನಿಂದರ್ತಾರ. ನಾವು?"

ಹಾಗಾದರೆ ಗಾಡಿ ಆಗಿ ಬರುವುದಿಲ್ಲ ಎನ್ನುತ್ತಿದ್ದದ್ದೆಲ್ಲ ಇದಕ್ಕೇ! ಆಮೇಲೆ ಸಿಟ್ಟು ಬಂತು, ಎಂಥ ಸಿಟ್ಟು ಅಂತೀರಿ. ಈ ರಸ್ತೆಗಳನ್ನು ಮಾಡಿದವರ ಮನೆಯಲ್ಲಿ ಹೆಂಗಸರೇ ಇರಲಿಲ್ಲವೇನು? ಆಸ್ಪತ್ರೆಯ ಮೆಟ್ಟಿಲು ಇಳಿಯುತ್ತಲೇ ಹೇಳಿಬಿಟ್ಟೆ: "ಅತ್ತಿ, ನೀವು ಆರಾಮಾದ ಮ್ಯಾಲೆ ಗೋಕರ್ಣಕ್ಕ ಹೋಗೂಣು. ನಾ ಎಲ್ಲಿ ಕಾರು ನಿಲ್ಲಸ್ತೀನಿ, ಅಲ್ಲಿ ಸಂಡಾಸ ಇರ್ತೈತಿ. ಇರಲಿಲ್ಲಂದ್ರ ನನ್ನ ಹೆಸರು ಬದಲಿ ಮಾಡ್ರಿ."

"ನಿನ್ನ ಹೆಸರು ಛಲೋ ಐತಿ, ಇರ್ಲಿ ಬಿಡು," ಎಂದರು ಅತ್ತೆ. ಆದರೆ ಬರುವುದಿಲ್ಲ ಎನ್ನಲಿಲ್ಲ. ಒಂದೇ ಕರಾರು ಹಾಕಿದರು: ಯಾತಕ್ಕಾಗಿ ನಿಲ್ಲುತ್ತೇವೆ ಅನ್ನುವುದನ್ನು ಮಂದಿ ಮುಂದೆ ಡಂಗುರ ಸಾರಕೂಡದು.

ಅವರು ಚೇತರಿಸಿಕೊಂಡ ಮೇಲೆ ಗೋಡೆಯ ಹಳೆ ಕ್ಯಾಲೆಂಡರಿನ ಹಾಳೆ ಹರಿದು, ಅದರ ಹಿಂದೆ ದಾರಿ ಬರೆಯಲು ಕೂತೆ. ಅಲ್ಲಿಯವರೆಗೆ ನಾನು ಹಾಕಿದ ದಾರಿಗಳೆಲ್ಲ ಹೊಟ್ಟೆಯನ್ನು ನೋಡಿ ಹಾಕಿದವು. ಇದು ಬೇರೆ ಲೆಕ್ಕ. ರಸ್ತೆ ಬದಿಯ ಹೋಟೆಲುಗಳನ್ನು ನಂಬುವಂತಿಲ್ಲ. ಕೆಲವು ಕಡೆ ಬಾಗಿಲಿದ್ದರೆ ನೀರಿಲ್ಲ, ಕೆಲವು ಕಡೆ ಬಾಗಿಲೇ ಇಲ್ಲ. ಯೋಚಿಸುತ್ತ ಯೋಚಿಸುತ್ತ ಥಟ್ಟನೆ ಹೊಳೆಯಿತು: ನಮ್ಮವರ ಮನೆಗಳಿವೆಯಲ್ಲ! ಬೇವೂರಿನಲ್ಲಿ ಅತ್ತೆಯ ತಂಗಿ. ಯಲಬುರ್ಗಾದಲ್ಲಿ ನನ್ನ ತವರು. ಅಲ್ಲಿಂದ ಕುಕನೂರು ಹಾಯ್ದು ಗದಗಿನ ಹೆದ್ದಾರಿ ಹಿಡಿದರೆ ಒಂದು ಪೆಟ್ರೋಲ್ ಬಂಕು. ಹೆಂಗಸರಿಗೇ ಅಂತ ಬೇರೆ ಕೋಣೆ ಕಟ್ಟಿಸಿದ್ದನ್ನು ನಾನೇ ಕಣ್ಣಾರೆ ನೋಡಿದ್ದೆ. ರಾತ್ರಿ ಹುಬ್ಬಳ್ಳಿ ಲಾಡ್ಜಿನಲ್ಲಿ, ಮರುದಿನ ಘಟ್ಟ ಇಳಿದರೆ ಸಮುದ್ರ. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಎರಡೂ ಮನೆಗೆ ಫೋನ್ ಮಾಡಿ, "ಹಂಗ ಹಾಯ್ದು ಹೋಗ್ತೀವಿ, ಐದು ನಿಮಿಷ ಅಷ್ಟ" ಎಂದೆ.

ನಮ್ಮ ಕಡೆ ಐದು ನಿಮಿಷಕ್ಕೆ ಬಂದವರನ್ನು ಯಾರು ಐದು ನಿಮಿಷಕ್ಕೆ ಬಿಟ್ಟಿದ್ದಾರೆ? ಇದು ನನ್ನ ತಲೆಗೆ ಹೋಗಲಿಲ್ಲ ನೋಡಿ.

ಬೇವೂರಿನಲ್ಲಿ ಬಾಣಲೆ ಆಗಲೇ ಒಲೆಯ ಮೇಲಿತ್ತು. ಅತ್ತೆ ಸೀದಾ ಹಿಂದಕ್ಕೆ ಹೋಗಿ ಬಂದರು, ಅಲ್ಲಿಗೆ ನಮ್ಮ ಕೆಲಸ ಮುಗಿದಿತ್ತು. ಆದರೆ ಮಿರ್ಚಿ ಬಂತು, ಮಂಡಕ್ಕಿ ಒಗ್ಗರಣೆ ಬಂತು, ಚಹಾ ಬಂತು. ಅಕ್ಕ ನಮ್ಮ ಮನೆಗೆ ಬಂದು ಎಷ್ಟು ದಿನ ಆಯಿತು ಎಂದು ತಂಗಿ ಅತ್ತೆಯ ಕೈ ಹಿಡಿದು ಕೂತರು. ಇನ್ನೊಂದು ಸಲ ಚಹಾ ಬಂತು. ನನಗೆ ಉಡಿ ತುಂಬಿ, ಅಕ್ಕಿ, ಕಾಯಿ, ಕುಬಸದ ಬಟ್ಟೆ ಕೊಟ್ಟು ಬಿಟ್ಟಾಗ ಬಿಸಿಲು ನೆತ್ತಿಗೆ ಬರುತ್ತಿತ್ತು.

ಕಾರಿನಲ್ಲಿ ನನ್ನ ಗಂಡ ನಗಲು ಶುರುಮಾಡಿದ. "ಯಾತಕ್ಕ ನಿಂತ್ವಿ? ಒಂದಕ್ಕ ಹೋಗಾಕ. ಏನ್ ಮಾಡಿದ್ವಿ? ಎರಡೆರಡು ಕಪ್ ಚಾ ಕುಡಿದ್ವಿ. ಈಗ ಆ ಚಾದ ಸಲುವಾಗಿ ಯಲಬುರ್ಗಾದಾಗ ನಿಂದರಬೇಕು. ಅಲ್ಲಿ ಮತ್ತ ಚಾ. ಭಾಳ ಛಲೋ ದಾರಿ ಹಾಕಿದಿ ಬಿಡು!"

"ಬಾಯಿ ಮುಚ್ಕೊಂಡು ಕುಂಡರ್ರಿ," ಎಂದೆ.

ಯಲಬುರ್ಗಾದಲ್ಲಿ ನನ್ನ ಅವ್ವ ಹೋಳಿಗೆಗೆ ಹೂರಣ ರುಬ್ಬುತ್ತಿದ್ದಳು. ನಾನು ಸಿಡುಕಿದ್ದಕ್ಕೆ, "ಬೀಗತಿ ಮನಿಗೆ ಬಂದಾರ, ಉಣ್ಣಸದ ಕಳಸಂದ್ರ ಹೆಂಗ? ಮಂದಿ ಉಗುಳತಾರ ನನಗ," ಎಂದಳು. ಅತ್ತೆಗೋ ಇದು ಬೀಗರ ಮನೆ. ಬೀಗರ ಮನೆಗೆ ಬಂದವಳು ಸಂಡಾಸ ಎಲ್ಲಿ ಅಂತ ಕೇಳುವುದುಂಟೇ? ಕುರ್ಚಿಯಲ್ಲಿ ನೆಟ್ಟಗೆ ಕೂತು, ಸೆರಗು ಹೊದ್ದು, ಕೇಳಿದ್ದಕ್ಕೆಲ್ಲ ಹೌದ್ರಿ ಹೌದ್ರಿ ಅನ್ನುತ್ತಿದ್ದರು. ಅವರ ಮುಖ ನೋಡಿಯೇ ನನಗೆ ಗೊತ್ತಾಯಿತು.

"ಬರ್ರಿ ಅತ್ತಿ, ಹಿತ್ತಲದಾಗಿನ ನುಗ್ಗಿಗಿಡ ನೋಡೂರಂತ," ಎಂದು ಕರೆದೆ. ಅತ್ತೆ ಥಟ್ಟನೆ ಎದ್ದರು. ಅವ್ವನೂ ಎದ್ದಳು! ಬೀಗತಿಗೆ ಗಿಡ ತೋರಿಸಬೇಕಲ್ಲ. ಸಂಡಾಸದ ಬಾಗಿಲ ಮುಂದೆಯೇ ನಿಂತು, ಗಿಡ ಯಾವಾಗ ನೆಟ್ಟದ್ದು, ಎಷ್ಟು ಕಾಯಿ ಬಿಡುತ್ತದೆ ಎಲ್ಲ ಹೇಳಿ, ತೋಳು ತುಂಬ ನುಗ್ಗೆಕಾಯಿ ಹರಿದು ಅತ್ತೆಯ ಕೈಗೆ ಕೊಟ್ಟು, ತಾನೇ ಅವರನ್ನು ಮತ್ತೆ ಮನೆಯೊಳಗೆ ಕರೆದುಕೊಂಡು ಬಂದಳು. ನಾನು ಅವ್ವನ ಕಿವಿಯಲ್ಲಿ ಹೇಳಿಬಿಡಲು ಹೋದರೆ ಅತ್ತೆ ಕಣ್ಣಲ್ಲೇ ಗದರಿದರು. ಅಂಗಳದಲ್ಲಿ ನಿಂತು ವಾಚು ನೋಡುತ್ತ ಹಲ್ಲು ಕಚ್ಚುವುದೊಂದೇ ನನಗೆ ಉಳಿದದ್ದು.

ಊಟ ಮಾಡಿ ಹೊರಟೆವು. ಕುಕನೂರು ದಾಟಿದೆವು. ಕನ್ನಡಿಯಲ್ಲಿ ನೋಡಿದೆ, ಅತ್ತೆ ಕಣ್ಣು ಮುಚ್ಚಿ, ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿದು ಕೂತಿದ್ದರು. ರಸ್ತೆಯ ಒಂದೊಂದು ಉಬ್ಬಿಗೂ ಅವರ ಹುಬ್ಬು ಗಂಟಾಗುತ್ತಿತ್ತು. ಕಡೆಗೆ ಸಣ್ಣ ದನಿಯಲ್ಲಿ, "ನಾ ಹೇಳಿದ್ದೆ ಹೌದಿಲ್ಲ, ನನಗ ಗಾಡಿ ಆಗಿ ಬರಂಗಿಲ್ಲಂತ. ಹೊಳ್ಳಿ ಮನಿಗೆ ಹೋಗೂಣು ನಡಿಯವ್ವ," ಎಂದರು. ನನ್ನ ಗಂಡನ ನಗು ಎಲ್ಲಿ ಹೋಯಿತೋ. ನಾನು ಮಾತ್ರ ಕಾರು ತಿರುಗಿಸಲಿಲ್ಲ.

ಬಂಕು ಬಂತು. ಹೆಂಗಸರ ಕೋಣೆಯೂ ಇತ್ತು, ಅದಕ್ಕೊಂದು ಬೀಗವೂ ಇತ್ತು.

ಪೆಟ್ರೋಲ್ ಹಾಕುತ್ತಿದ್ದವನು ನನ್ನ ಕಡೆ ನೋಡದೆಯೇ, "ಕೀಲಿ ಮ್ಯಾನೇಜರ್ ಕಡೆ ಐತ್ರಿ. ಅವರು ಊಟಕ್ಕ ಹೋಗ್ಯಾರ," ಎಂದ. ನಾನು ಸುಮ್ಮನಿರುವವಳೇ? ಬೋರ್ಡು ಯಾತಕ್ಕೆ ಹಾಕಿದ್ದೀರಿ, ಒಳಗೆ ಏನು ಬಂಗಾರ ಇಟ್ಟಿದ್ದೀರಾ ಎಂದು ಶುರು ಹಚ್ಚಿಕೊಂಡೆ. ಬೈಕಿನವರೆಲ್ಲ ತಿರುಗಿ ನೋಡಿದರು. ನನ್ನ ಗಂಡ "ಬ್ಯಾಡ, ಬಾ" ಎಂದು ತೋಳು ಜಗ್ಗುತ್ತಿದ್ದ. ಬಂಕಿನವನು ಮಾತ್ರ ಇನ್ನೊಂದು ಬೈಕಿಗೆ ಪೆಟ್ರೋಲ್ ಹಾಕತೊಡಗಿದ.

ಅಷ್ಟರಲ್ಲಿ ಕಾರಿನ ಬಾಗಿಲು ತೆರೆದ ಸಪ್ಪಳವಾಯಿತು. ಅತ್ತೆ ಇಳಿದರು. ನೆರಿಗೆ ಸರಿಮಾಡಿಕೊಂಡು ನಿಧಾನವಾಗಿ ನಡೆದು ಬಂದು, ನನ್ನನ್ನು ಪಕ್ಕಕ್ಕೆ ಸರಿಸಿ, ಅಷ್ಟೂ ಗಂಡಸರ ನಡುವೆ ಅವನ ಮುಂದೆ ನಿಂತರು.

"ತಮ್ಮಾ, ನನಗ ಒಂದಕ್ಕ ಹೋಗಬೇಕಾಗೈತಿ," ಎಂದರು, ಎಲ್ಲರಿಗೂ ಕೇಳುವ ಹಾಗೆ. "ನಿಮ್ಮವ್ವನ ವಯಸ್ಸು ನನಗ. ಕೀಲಿ ತಂದು ಕೊಡ್ತೀಯೋ, ಇಲ್ಲೇ ಕುಂಡರ್ಲೋ?"

ಬೈಕಿನವರು ಮುಖ ತಿರುಗಿಸಿಕೊಂಡರು. ಊಟಕ್ಕೆ ಹೋಗಿದ್ದ ಕೀಲಿ ಗಲ್ಲಾದಲ್ಲೇ ಸಿಕ್ಕಿತು.

ಅತ್ತೆ ಒಳಗೆ ಹೋದರು. ನಾನು ಹೊರಗೆ ನಿಂತೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಸಂಭ್ರಮವಂತೂ ತಡೆಯಲಾಗಲಿಲ್ಲ. ಇನ್ನು ಗೋಕರ್ಣ ಏನು, ಕಾಶಿಗೂ ದಾರಿ ಹಾಕಿಯೇನು ಅನ್ನಿಸಿತು. ಅವರು ಹೊರಗೆ ಬಂದಾಗ ಮುಖ ಅರಳಿತ್ತು.

"ಒಳಗ ನೀರು ಅದಾವ. ಚಿಲಕ ಮುರದೈತಿ," ಎಂದರು. "ನೀ ಹೋಗು."

"ನನಗ ಬ್ಯಾಡ್ರಿ. ಹೊತ್ತಾಗೈತಿ, ನಡೀರಿ."

"ಬ್ಯಾಡಂತ! ಮುಂಜಾನಿಂದ ಒಂದು ಗುಟುಕು ನೀರು ಕುಡಿದಿಲ್ಲ ನೀ. ಬೇವೂರಾಗ ಚಾ ಕಪ್ಪು ಗಂಡನ ಕೈಗೆ ದಾಟಿಸಿದಿ. ತವರಮನ್ಯಾಗೂ ಅಂಗಳದಾಗ ನಿಂತಿ. ಗೋಕರ್ಣ ಒಂದ ಅಲ್ಲ, ನೀ ಎಲ್ಲಿಗೆ ಹೊಂಟ್ರೂ ಹಿಂಗ ಮಾಡ್ತಿ. ನಾ ಮನ್ಯಾಗ ಕುಂತು ನೋಡೀನಿ. ನನಗ ಗೊತ್ತಾಗಂಗಿಲ್ಲೇನು?"

ಹೌದಲ್ಲ. ಆ ಹಾಳೆಯ ಮೇಲೆ ಬರೆದ ಒಂದೊಂದು ನಿಲುಗಡೆಯೂ ಅತ್ತೆಯದು. ನನ್ನದು ಅಂತ ಒಂದೂ ಇರಲಿಲ್ಲ. ಅಷ್ಟು ವರ್ಷ ಕಾರು ಓಡಿಸಿದ್ದೇನೆ, ಊರೂರು ಸುತ್ತಿದ್ದೇನೆ, ಹೊರಡುವ ಹಿಂದಿನ ರಾತ್ರಿಯಿಂದಲೇ ನೀರು ಬಿಡುವುದು ನನಗೂ ಚಪ್ಪಲಿ ಮೆಟ್ಟುವಷ್ಟೇ ರೂಢಿಯಾಗಿತ್ತು. ಅದನ್ನು ನಾನು ತ್ರಾಸು ಅಂತ ಎಣಿಸಿಯೇ ಇರಲಿಲ್ಲ.

ಅತ್ತೆ ಹೊರಗಿನಿಂದ ಬಾಗಿಲ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದು, ಬಂಕಿನ ಕಡೆ ಮುಖ ಮಾಡಿ ಕಾವಲು ನಿಂತರು.

"ಹೋಗು. ನಾ ಇಲ್ಲೇ ಅದೀನಿ," ಎಂದರು. "ಅವಸರ ಮಾಡಬ್ಯಾಡ."