ಸೊಟ್ಟ ಹಲ್ಲಿನ ಕಸುಬು

ಅವಳನ್ನು ನಮ್ಮ ಅಂಗಡಿಯ ಸರಕಿನಂತೆ ತೂಗಿ ನೋಡಿದರೆ ಗಿರಾಕಿ ಎರಡು ಸಲ ಯೋಚಿಸಬೇಕು. ಎತ್ತರ ಸಾಧಾರಣ, ಮಾತು ಕಡಿಮೆ, ಬೆರಳು ಮಾತ್ರ ಅಪ್ಪಟ ಮಾಲು. ಕೊರತೆ ಒಂದೇ, ಬಗ್ಗುವ ಜಾತಿಯಲ್ಲ.

ಹಲ್ಲಿನ ಡಾಕ್ಟರಾಗುವ ಕೊನೆಯ ಪರೀಕ್ಷೆಯಲ್ಲಿ ಅವಳು ಫೇಲಾದದ್ದೂ ಇದರಿಂದಲೇ. ಬೊಚ್ಚುಬಾಯಿಯ ಅಜ್ಜಿಯೊಬ್ಬಳಿಗೆ ಮೇಣದಲ್ಲಿ ಹಲ್ಲು ಜೋಡಿಸಿ ತೋರಿಸಬೇಕಿತ್ತು. ಉಳಿದವರೆಲ್ಲ ಪುಸ್ತಕ ನೋಡಿ ಗೋಡೆ ಕಟ್ಟಿದಂತೆ ಕಟ್ಟಿದರು. ಇವಳು ಅಜ್ಜಿಯ ಹಳೆಯ ಫೋಟೋ ಕೇಳಿ ಪಡೆದು, ಅದರಲ್ಲಿದ್ದ ಹಾಗೆಯೇ ಮುಂದಿನ ಹಲ್ಲೊಂದನ್ನು ಪಕ್ಕದ್ದರ ಮೇಲೆ ಕೊಂಚ ಏರಿಸಿ ಕೂರಿಸಿದಳು. ಅಜ್ಜಿ ಕನ್ನಡಿ ಬಿಟ್ಟುಕೊಡಲೇ ಇಲ್ಲ. ಪರೀಕ್ಷಕರು ಮಾತ್ರ, ನೆಟ್ಟಗೆ ಜೋಡಿಸುವುದಾದರೆ ಆರು ತಿಂಗಳ ಮೇಲೆ ಬಾ ಎಂದರು.

ದೊಡ್ಡಪ್ಪ ಊರಿಗೇ ಹೆಸರಾದ ಹಲ್ಲಿನ ಡಾಕ್ಟರು. ಅವಳಿಗೆಂದೇ ತಮ್ಮಲ್ಲಿ ಹೊಸ ಕುರ್ಚಿ ಹಾಕಿಸಿ, ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಯದೆ ಕಾಯುತ್ತಿದ್ದರು. ಒಂದು ಸಲ ಪರೀಕ್ಷಕರು ಹೇಳಿದಂತೆ ಜೋಡಿಸು, ಆಮೇಲೆ ನಿನ್ನಿಷ್ಟ ಎಂದರು. ಅಮ್ಮನೂ ಅದಕ್ಕೇ ತಲೆಯಾಡಿಸಿದಳು.

ಕೈ ಪಳಗಲಿ ಎಂದು ಅವಳು ಬಸ್ ನಿಲ್ದಾಣದ ಹಿಂದಿನ ಮಹಡಿಯಲ್ಲಿದ್ದ ಹಲ್ಲಿನ ಸೆಟ್ ಮಾಡುವ ಕಾರ್ಖಾನೆಗೆ ಸೇರಿದಳು. ಕಾರ್ಖಾನೆ ಎಂದರೆ ಒಂದು ಕೋಣೆ, ನಾಲ್ಕು ಸ್ಟೂಲು, ಮೊಣಕಾಲಿನವರೆಗೆ ಪ್ಲಾಸ್ಟರಿನ ಬಿಳಿ ಪುಡಿ. ಬಾಯಿಗೆ ಹೊಂದದೆ ವಾಪಸ್ ಬಂದ ಸೆಟ್ಟುಗಳನ್ನು ಮೇಸ್ತ್ರಿ ಅವಳ ಮುಂದೆ ಸುರಿದ. ಅವಳು ಆ ಬಾಯಿಗಳ ಒಡೆಯರನ್ನೇ ಮೇಲಕ್ಕೆ ಕರೆಸಿ, ನಗಿಸಿ, ಜಗಳವಾಡಿಸಿ, ಮತ್ತೆ ಜೋಡಿಸಿ ಕೊಟ್ಟಳು. ಒಂದೂ ಹಿಂದಿರುಗಲಿಲ್ಲ.

ಪರೀಕ್ಷೆಗೆ ಅರ್ಜಿ ಹಾಕುವ ಕೊನೆಯ ದಿನ ದೊಡ್ಡಪ್ಪನೇ ಫಾರಂ ಹಿಡಿದು, ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು.

"ಡಾಕ್ಟರಾಗೋಳು ಇಲ್ಲಿ ಪ್ಲಾಸ್ಟರ್ ಕೆರೀತಾ ಕೂತಿದೀಯಲ್ಲ ಮಗಳೇ. ಜನ ಏನಂತಾರೆ?"

"ಏನಾದ್ರೂ ಅನ್ನೋಕೆ ಜನಕ್ಕೆ ಹಲ್ಲು ಬೇಕಲ್ಲ ದೊಡ್ಡಪ್ಪ. ಅದನ್ನೇ ಮಾಡ್ತಿದೀನಿ."

"ಕುರ್ಚಿ ಬೇರೆಯವರ ಪಾಲಾಗುತ್ತೆ, ನೋಡು."

"ಆಗ್ಲಿ. ನಾನು ಫೇಲಾಗಿರೋದು ಅವರ ಪರೀಕ್ಷೇಲಿ, ಈ ಕೆಲಸದಲ್ಲಲ್ಲ. ಇನ್ನೊಂದ್ಸಲ ಕೂರಲ್ಲ."

ಅವರು ಇಳಿದು ಹೋದ ಮೇಲೆ ಅವಳು ಫಾರಂ ಅನ್ನು ನಾಲ್ಕಾಗಿ ಮಡಚಿ, ಅಲ್ಲಾಡುವ ಮೇಜಿನ ಕಾಲಡಿಗೆ ತುರುಕಿದಳು. ಹದಿನೈದು ವರ್ಷದಿಂದ ಮೇಜು ಅಲ್ಲಾಡಿಲ್ಲ. ದೊಡ್ಡಪ್ಪ ಈಗ ತಮ್ಮ ಕೈಗೆ ಬಗ್ಗದ ಬಾಯಿಗಳನ್ನೆಲ್ಲ ಅದೇ ಮಹಡಿಗೆ ಅಟ್ಟುತ್ತಾರೆ, ತಾವು ಮಾತ್ರ ಹತ್ತುವುದಿಲ್ಲ.

ಅವರು ಅಟ್ಟಿದವರಲ್ಲಿ ನಾನೂ ಒಬ್ಬ. ಬೇರೆಡೆ ಕಟ್ಟಿಸಿದ ಹಲ್ಲಿನಲ್ಲಿ ನನ್ನ ಮಾತು ನನಗೇ ತಿಳಿಯುತ್ತಿರಲಿಲ್ಲ. ಅಂಗಡಿಯಲ್ಲಿ ನನ್ನ ಬದಲು ಮಗ ಚೌಕಾಸಿ ಮಾಡುತ್ತಿದ್ದ, ನಾನು ಕತ್ತು ಆಡಿಸುತ್ತಿದ್ದೆ. ಅವಳು ಒಂದು ಗಂಟೆ ನನ್ನನ್ನು ತನ್ನೊಂದಿಗೆ ಚೌಕಾಸಿಗಿಳಿಸಿ, ತುಟಿ ನೋಡುತ್ತಲೇ ಹಲ್ಲು ಜೋಡಿಸಿದಳು. ಇವತ್ತು ಗಿರಾಕಿಯ ಜೊತೆ ನನ್ನ ಬಾಯಿಂದಲೇ ಮಾತಾಡುತ್ತಿದ್ದೇನೆ. ಅದಕ್ಕೆ ಅವಳಿಗೆ ಋಣಿ.