ನಕ್ಷೆಯಲ್ಲಿದ್ದ ಬೇಲಿ

ಕಡಬದ ವೆಂಕಟರಂಗಯ್ಯನ ಮಗಳು ದೀಪಿಕಾಗೆ ಸುತ್ತಲ ರೈತರು ಇಟ್ಟ ಹೆಸರು ಬೇಲಿ ಮೇಡಂ. ಕೆಲಸವೇ ಅಂಥದ್ದು. ತುಮಕೂರಿನ ಒಂದು ಸಂಸ್ಥೆಗಾಗಿ ಅವಳು ಕಾಡುಪಾಪಗಳು ಓಡಾಡುವ ದಾರಿಯ ನಕ್ಷೆ ಮಾಡುತ್ತಾಳೆ. ಬೊಗಸೆಯಲ್ಲಿ ಹಿಡಿಸುವ ಪ್ರಾಣಿ, ಮುಖದ ತುಂಬ ಕಣ್ಣು. ನೆಲಕ್ಕಿಳಿದರೆ ನಾಯಿಗಳ ಬಾಯಿಗೆ ತುತ್ತು. ಹಾಗಾಗಿ ಕೊಂಬೆಯಿಂದ ಕೊಂಬೆಗೆ, ಬೇಲಿಯಿಂದ ಬೇಲಿಗೆ ಕೈ ಚಾಚಿಕೊಂಡೇ ಹೋಗಬೇಕು. ಒಂದು ಹುಣಸೆ ತೋಪಿನಿಂದ ಇನ್ನೊಂದು ತೋಪಿಗೆ ಅದು ಹೇಗೆ ಹೋದೀತು, ದಾರಿ ಎಲ್ಲಿ ಕಡಿದಿದೆ ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಆದರೆ ಕಂಪ್ಯೂಟರ್‌ಗೆ ಏನು ಗೊತ್ತು ಪಾಪ, ದೀಪಿಕಾ ಎಳೆದ ಗೆರೆಯನ್ನೇ ನಂಬಬೇಕು.

ಕುಣಿಗಲ್‌ವರೆಗೂ ಬಿಸಿಲಲ್ಲಿ ನಡೆದವಳು ಅವಳು. ಹೆಬ್ಬೂರಿನ ಕಡೆ ಯಾರಾದರೂ ಹಸಿರು ಬೇಲಿ ಕಿತ್ತು ತಂತಿ ಮೆಶ್ ಹಾಕಿಸಿದ್ದರೆ ಬುದ್ಧಿ ಹೇಳದೆ ಮುಂದಕ್ಕೆ ಹೋದವಳಲ್ಲ. ಹೇಳುವಾಗೆಲ್ಲ ಒಳಗೇ ನಾಚಿಕೆ. ಯಾಕೆಂದರೆ ಕಡಬದಲ್ಲಿ ಅಪ್ಪನ ತೆಂಗಿನ ತೋಟದ ಹೊಂಗೆ, ಲಕ್ಕಿ ಬೇಲಿಯನ್ನು ಜೆಸಿಬಿ ತರಿಸಿ ಕೀಳಿಸಿದವಳು ಅವಳೇ. ಆಗ ಅವಳಿಗೆ ಬೇರೆ ಕೆಲಸ, ಕಾಡುಪಾಪದ ಗೊಡವೆಯೇ ಇರಲಿಲ್ಲ. ಬೇಲಿ ಸವರಿ ಸವರಿ ಅಪ್ಪ ಸೊಂಟ ಹಿಡಿಸಿಕೊಳ್ಳುವುದನ್ನು ನೋಡಲಾರದೆ ಕಲ್ಲುಕಂಬ ನೆಡಿಸಿ ಮೆಶ್ ಹಾಕಿಸಿದ್ದಳು. ಅದರಲ್ಲಿ ತಪ್ಪೇನಿದೆ? ತಪ್ಪು ಮಾಡಿದ್ದು ಆಮೇಲೆ.

ನಕ್ಷೆಯಲ್ಲಿ ಸ್ವಂತ ತೋಟ ಬಂದಾಗ ಕೈ ತಡೆಯಿತು. ಕಡಿದ ದಾರಿಗೆ ಕೆಂಪು ಬಣ್ಣ ಹಾಕಬೇಕು. ಇದು ಯಾರ ಜಮೀನು ಅಂತ ಆಫೀಸಿನಲ್ಲಿ ಕೇಳದೆ ಬಿಡುತ್ತಾರಾ? ಬೇಲಿ ಮೇಡಂ ಮನೆಯಲ್ಲೇ ಬೇಲಿ ಇಲ್ಲ ಅಂತ ನಗುವುದಿಲ್ಲವಾ? ಸುಮ್ಮನೆ ಬೇಲಿ ಇದ್ದ ಹಾಗೆ ಹಸಿರು ಗೆರೆ ಎಳೆದುಬಿಟ್ಟಳು.

ಗುಬ್ಬಿಯಲ್ಲಿ ಸಭೆ ಸೇರಿತು. ಕೆಂಪು ಕಂಡಲ್ಲೆಲ್ಲ ಸಸಿ ನೆಡಿಸಿ, ಅವು ಬೆಳೆಯುವ ತನಕ ಮರದಿಂದ ಮರಕ್ಕೆ ಹಗ್ಗ ಕಟ್ಟಿಸುವುದು ಅಂತ ತೀರ್ಮಾನ. ಮಗಳು ಮೈಕಿನಲ್ಲಿ ಮಾತಾಡುವುದನ್ನು ಅಪ್ಪ ನೋಡಲಿ ಅಂತ ಅವಳೇ ಅವನನ್ನು ಕರೆದುಕೊಂಡು ಬಂದಿದ್ದಳು. ಇಸ್ತ್ರಿ ಮಾಡಿದ ಪಂಚೆ ಉಟ್ಟು ಅವನು ಮುಂದಿನ ಸಾಲಿನಲ್ಲೇ ಕೂತಿದ್ದ.

ಅರಣ್ಯ ಇಲಾಖೆಯ ಸಾಹೇಬರು ಪರದೆ ನೋಡಿ, "ಕಡಬದ ಹತ್ರ ದಾರಿ ಚೆನ್ನಾಗಿದೆಯಲ್ಲ, ಅಲ್ಲಿಗೆ ಸಸಿ, ಹಗ್ಗ ಏನೂ ಬೇಡ. ಆ ಊರಿನೋರು ಯಾರಾದ್ರೂ ಬಂದಿದೀರಾ? ಬೇಲಿ ಹಿಂಗೇ ಇದೆ ತಾನೆ?" ಅಂದರು.

ವೆಂಕಟರಂಗಯ್ಯ ಪರದೆ ನೋಡಿದ. ಮಗಳ ಮುಖ ನೋಡಿದ. ಎದ್ದು ನಿಂತ.

"ಐತೆ ಸಾಮಿ. ಹೊಂಗೆ ಬೇಲಿ. ಒತ್ತಾಗೈತೆ."

ಕೊಳ್ಳಲು ಬಂದವರಿಗೆ ಕೆಟ್ಟ ಕಾಯಿ ಯಾವುದು ಅಂತ ತಾನೇ ತೋರಿಸಿಕೊಡುವ ಮನುಷ್ಯ. ಅವನ ಬಾಯಲ್ಲಿ ಸುಳ್ಳು ಬಂದದ್ದನ್ನು ದೀಪಿಕಾ ಕೇಳಿದ್ದು ಅದೇ ಮೊದಲು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಈಗ ನಿಜ ಹೇಳಿದರೆ ತುಂಬಿದ ಸಭೆಯಲ್ಲಿ ಸುಳ್ಳುಗಾರನಾಗುವವನು ಅಪ್ಪ. ಹೇಳದಿದ್ದರೆ ಕಡಬದ ತೋಪಿನ ಕಾಡುಪಾಪಗಳಿಗೆ ದಾರಿಯೇ ಇಲ್ಲ. ತಲೆ ತಗ್ಗಿಸಿ ನಕ್ಷೆಯ ಮುಂದಿನ ಭಾಗಕ್ಕೆ ಹೋದಳು.

ಸ್ಕೂಟರಿನಲ್ಲಿ ಇಬ್ಬರೂ ಕಡಬಕ್ಕೆ ವಾಪಸಾದರು. ಮನೆ ಮುಟ್ಟಿದ್ದೇ ಅಪ್ಪ ಪಂಚೆ ಎತ್ತಿ ಕಟ್ಟಿ, ಹಾರೆ ಹಿಡಿದು, ಮೆಶ್ಶಿನ ಉದ್ದಕ್ಕೂ ಗುಂಡಿ ತೋಡತೊಡಗಿದ. ಪಕ್ಕದಲ್ಲಿ ನೆಡಲು ಕಡಿದು ತಂದ ಲಕ್ಕಿ ಕಡ್ಡಿಗಳ ಹೊರೆ.

"ಮಳೆ ಬಿದ್ರೆ ಚಿಗುರ್ತವೆ ಬುಡು. ಬೇಲಿ ಅಂತ ಒಂದು ಆದ್ರೆ ನೀನೂ ಸುಳ್ಳಾಗಲ್ಲ, ನಾನೂ ಸುಳ್ಳಾಗಲ್ಲ."

ಅವಳಿಗೆ ಅದನ್ನು ಕೇಳಿಸಿಕೊಂಡು ನಿಲ್ಲಲಾಗಲಿಲ್ಲ. ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು ತಮ್ಮ ತೋಟದ ಗೆರೆಯನ್ನು ಕೆಂಪು ಮಾಡಿದಳು. ಬೇಲಿ ಕೀಳಿಸಿದ್ದೂ ನಾನೇ, ಮುಚ್ಚಿಟ್ಟಿದ್ದೂ ನಾನೇ ಅಂತ ಬರೆದು ಆಫೀಸಿಗೂ ಸಾಹೇಬರಿಗೂ ಕಳಿಸಿದಳು. ಆಮೇಲೆ ಅಪ್ಪನ ಹತ್ತಿರ ಬಂದು ಹೇಳಿದಳು.

ಹಾರೆ ನಿಂತಿತು. "ನಾನ್ ಹೇಳಿದ್ದು?"

"ನನ್ ಮಾನ ಉಳಿಸೋಕೆ ಹೇಳಿದ್ದು ಅಂತ ಬರ್ದಿದೀನಪ್ಪ."

ಅವನು ಟವೆಲಿನಲ್ಲಿ ಮುಖ ಒರೆಸಿಕೊಂಡ. ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

"ಒಳ್ಳೇದು ಮಾಡ್ದೆ. ಆದ್ರೆ ಇನ್ಮೇಲೆ ನನ್ನ ಮೀಟಿಂಗಿಗೆ ಕರೀಬೇಡ ಕಣವ್ವ," ಅಂದು ಮುಂದಿನ ಗುಂಡಿಗೆ ಹಾರೆ ಹಾಕಿದ.